ಮುಂದೆ ಕೂತಿದ್ದಾಳೆ

ಮಾರ್ಚ್ 13, ಶುಕ್ರವಾರ. ಸಂಜೆ 6.30

ಇವತ್ತು ಇಪ್ಪತ್ತಾರು ಎಕ್ಸ್‌ರೇ. ಕೊನೆಗೆ ಬಂದದ್ದು ಕೆಮ್ಮಿನ ಅಜ್ಜಿ. "ಉಸಿರು ಹಿಡ್ಕೊಳ್ಳಿ" ಅಂದರೆ, "ಹಿಡ್ಕೊಂಡೇ ಇದ್ದೀನಮ್ಮ, ಮದುವೆ ಆದಾಗಿಂದ" ಅಂದಳು. ನಗು ತಡೆಯಲಾಗದೆ ಎರಡು ಸಲ ತೆಗೆಯಬೇಕಾಯಿತು.

ಬ್ಯಾಗ್ ತುಂಬಿದ್ದಾಯಿತು. ಟವೆಲ್, ಸನ್‌ಸ್ಕ್ರೀನ್, ವಾಂತಿ ಮಾತ್ರೆ, ಈ ಡೈರಿಗೊಂದು ಪ್ಲಾಸ್ಟಿಕ್ ಕವರ್. ನಾಳೆ ಮೂರು ದ್ವೀಪ, ಒಂದು ದೋಣಿ, ಹಾಸ್ಟೆಲ್ ಕಾಲದ ನಾವು ಮೂವರು. ಬುಕ್ ಮಾಡಿದ್ದು ವಕೀಲೆ. ಹಠ ಹಿಡಿದಿದ್ದು ಗುಬ್ಬಿ. ಆರು ವರ್ಷದಿಂದ ಇದೇ ಫ್ಲ್ಯಾಟಿನಲ್ಲಿ ನನ್ನ ಜೊತೆಗಿರುವವಳು. ಐದಡಿಯೂ ಇಲ್ಲ, ನೀರಿಗಿಳಿದರೆ ಮಾತ್ರ ಹಿಡಿಯುವವರಿಲ್ಲ. ನನಗೂ ಈಜು ಬರುತ್ತದೆ. ಮುಳುಗದಷ್ಟು.

7.15

ವಕೀಲೆಯ ಫೋನ್. ಅದೂ ಇದೂ ಮಾತಾಡಿ, "ಗುಬ್ಬಿ ಹೋದ್ಮೇಲೆ ಅಷ್ಟು ದೊಡ್ಡ ಮನೇಲಿ ನೀನೊಬ್ಳೇ ಹೇಗಿರ್ತೀಯೇ?" ಅಂದಳು.

"ಎಲ್ಲಿಗೆ ಹೋದ್ಮೇಲೆ?"

"ಅಯ್ಯೋ… ಹೇಳಿಲ್ವಾ ಅವ್ಳು?"

ಮುಂದಿನ ತಿಂಗಳು ಹೊರಡುತ್ತಾಳಂತೆ. ಅವಳ ಹುಡುಗನ ಜೊತೆ ಬೇರೆ ಮನೆ ಮಾಡಿದ್ದಾಳೆ. ವಕೀಲೆಗೆ ಮೂರು ವಾರದಿಂದ ಗೊತ್ತು. ನನಗೆ — ಒಂದೇ ಅಡುಗೆಮನೆ, ಒಂದೇ ಫ್ರಿಜ್, ಬೆಳಿಗ್ಗೆ ಎದ್ದರೆ ಅವಳದೇ ಮುಖ — ನನಗೆ ಗೊತ್ತಿಲ್ಲ.

ಪಕ್ಕದ ಕೋಣೆಯಲ್ಲಿ ಏನೋ ಗುನುಗುತ್ತ ಈಜುಗನ್ನಡಕ ಒರೆಸುತ್ತಿದ್ದಾಳೆ. ಕೇಳಲಿಲ್ಲ. ಅವಳೇ ಹೇಳಲಿ.

ಮಾರ್ಚ್ 14, ಶನಿವಾರ. ಬೆಳಿಗ್ಗೆ 7.50, ದೋಣಿಕಟ್ಟೆ

ಒಟ್ಟು ಹದಿನಾಲ್ಕು ಜನ. ಕ್ಯಾಪ್ಟನ್ ಮಾತಿಲ್ಲದ ಮನುಷ್ಯ. ಮಾತೆಲ್ಲ ಲೈಫ್ ಜಾಕೆಟ್ ಕೊಡುವ ಅಣ್ಣನದೇ. ಐವತ್ತು ದಾಟಿದೆ, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಾನೆ. "ನೀರಲ್ಲಿ ಎಲ್ರೂ ಜೋಡಿ ಜೋಡಿ. ಹತ್ತುವಾಗ ಒಬ್ಬೊಬ್ರನ್ನೂ ಕೇಳ್ತೀನಿ, ನಿಮ್ಮ ಜೋಡಿ ಎಲ್ಲಿ ಅಂತ. ಗಂಡ-ಹೆಂಡ್ತಿ ಜಗಳ ಆಡಿದ್ರೂ ಉತ್ತರ ಹೇಳ್ಬೇಕು." ಎಲ್ಲರೂ ನಕ್ಕರು.

ವಕೀಲೆಗೆ ಕಿವಿಸೋಂಕು, ನೀರಿಗಿಳಿಯುವುದಿಲ್ಲ. ಹಾಗಾಗಿ ನನಗೆ ಗುಬ್ಬಿ ಜೋಡಿ. ಬೇರೆ ದಾರಿಯಿಲ್ಲ.

11.10, ದೋಣಿಯಲ್ಲಿ

ಮೊದಲ ದ್ವೀಪ ಮುಗಿಯಿತು. ನೀರಿನಡಿ ಎಷ್ಟು ನಿಶ್ಶಬ್ದ… ನನ್ನದೇ ಉಸಿರು ಬಾಯಿಗಿಟ್ಟ ಕೊಳವೆಯಲ್ಲಿ ಗೊರಗೊರ. ನೀಲಿ ಮೀನುಗಳ ಹಿಂಡೊಂದು ತಟ್ಟನೆ ತಿರುಗಿತು. ತೋರಿಸಲೆಂದು ಗುಬ್ಬಿ ಕೈ ಹಿಡಿದಳು. ಬಿಡಿಸಿಕೊಂಡೆ. ದೋಣಿ ಹತ್ತಿದ ಮೇಲೆ ಕೇಳಿದಳು,

"ಏನಾಯ್ತೇ ನಿಂಗೆ? ಮುಖ ಗಂಟು ಹಾಕ್ಕೊಂಡಿದ್ದೀಯ."

"ಏನಿಲ್ಲ."

"ನಿಂಗೊಂದು ವಿಷ್ಯ ಹೇಳ್ಬೇಕು. ಮುಂದಿನ ದ್ವೀಪದಲ್ಲಿ ಹೇಳ್ತೀನಿ."

ಮೂರು ವಾರ ಆದ ಮೇಲೆ! ಹೇಳು ತಾಯಿ, ಹೇಳು.

ವಕೀಲೆ ಎರಡು ವಾಂತಿ ಮಾತ್ರೆ ನುಂಗಿ ನೆರಳಲ್ಲಿ ಮುದುಡಿ ಮಲಗಿದ್ದಾಳೆ. ಇಂಜಿನ್ ನಿಂತಿತು. ಗುಬ್ಬಿ ಆಗಲೇ ಮಾಸ್ಕ್ ಹಾಕಿಕೊಂಡು…

ಸಂಜೆ 5.20, ಆಸ್ಪತ್ರೆಯ ಬೆಂಚು

ಬದುಕಿದ್ದಾಳೆ.

ಡ್ರಿಪ್ ಹಾಕಿದ್ದಾರೆ. ಬದುಕಿದ್ದಾಳೆ.

ಮಾರ್ಚ್ 17, ಮಂಗಳವಾರ

ನಿನ್ನೆ ಮನೆಗೆ ಬಂದಳು. ಅಂಗೈ ತುಂಬ ಗಾಯ. ಕತ್ತು, ತೋಳು ಬಿಸಿಲಿಗೆ ಸುಟ್ಟು ಸುಲಿಯುತ್ತಿದೆ. ತಂಬಿಗೆ ಹಿಡಿಯಲಾಗುವುದಿಲ್ಲ. ಗಂಜಿ ನಾನೇ ಕುಡಿಸುತ್ತೇನೆ. ನನ್ನ ಮುಖ ನೋಡುವುದಿಲ್ಲ.

ಆಗಿದ್ದನ್ನು ಎಲ್ಲರಿಗೂ ಹೇಳಿ ಹೇಳಿ ಬಾಯಿಪಾಠವಾಗಿದೆ. ಇಲ್ಲೂ ಬರೆದುಬಿಡುತ್ತೇನೆ. ಎರಡನೇ ದ್ವೀಪದಿಂದ ದೋಣಿ ಹೊರಟಿದ್ದು ಹನ್ನೆರಡೂ ಇಪ್ಪತ್ತಕ್ಕೆ. ಮೂರನೇ ದ್ವೀಪದಲ್ಲಿ ಊಟದ ಹೊತ್ತಿಗೆ ಹದಿನಾಲ್ಕು ತಟ್ಟೆಯಲ್ಲಿ ಒಂದು ಉಳಿಯಿತು. ವಕೀಲೆ ಕಣ್ಣುಜ್ಜುತ್ತ ಬಂದು, "ಗುಬ್ಬಿ ಎಲ್ಲಿ?" ಅಂದಳು. ದೋಣಿಯಲ್ಲಿಲ್ಲ. ಮರಳಿನ ಮೇಲಿಲ್ಲ. ಕ್ಯಾಪ್ಟನ್ ರೇಡಿಯೋ ಹಿಡಿದು ಕಿರುಚಿದ್ದು ಈಗಲೂ ಕಿವಿಯಲ್ಲಿದೆ. ವಾಪಸ್ ಹೋದರೆ ಬರೀ ನೀರು. ಸೆಳೆತ ಅವಳನ್ನು ಎರಡು ಕಿಲೋಮೀಟರ್ ಆಚೆ ಒಯ್ದಿತ್ತು. ಎರಡೂ ಐದಕ್ಕೆ ಒಂದು ಮೀನುದೋಣಿಯವರಿಗೆ ಸಿಕ್ಕಳು. ಬಲೆಯ ತೇಲುಗುಂಡಿನ ಹಗ್ಗ ಹಿಡಿದುಕೊಂಡು ತೇಲುತ್ತಿದ್ದಳಂತೆ. ಹಗ್ಗದ ತುಂಬ ಚಿಪ್ಪು. ಅಂಗೈ ಕೊಯ್ದರೂ ಬಿಟ್ಟಿರಲಿಲ್ಲ.

ಒಂದೂ ಮುಕ್ಕಾಲು ಗಂಟೆ.

ವಕೀಲೆ ಕೆಂಡವಾಗಿದ್ದಾಳೆ. "ಆ ಜಾಕೆಟ್ ಕೊಡೋನನ್ನ ನಾನು ಬಿಡಲ್ಲ. ತಲೆ ಎಣಿಸೋಕೆ ಬರಲ್ವಾ ಅವ್ನಿಗೆ?"

ಗಂಜಿ ಬಿಸಿ ಮಾಡಲು ಎದ್ದು ಹೋದೆ.

ಮಾರ್ಚ್ 19, ಗುರುವಾರ

ಬಂದರು ಕಚೇರಿಗೆ ಕೊಡಲು ವಕೀಲೆ ನನ್ನ ಹೇಳಿಕೆ ಟೈಪ್ ಮಾಡಿಸಿ ತಂದಳು. ‘ಸಿಬ್ಬಂದಿ ಯಾರನ್ನೂ ವಿಚಾರಿಸದೆ ದೋಣಿ ಹೊರಡಿಸಿದರು.’ ಬೆರಳಿಟ್ಟು ತೋರಿಸಿದಳು. "ಇಲ್ಲಿ ಹಾಕು."

ಗುಬ್ಬಿ ಸೋಫಾದ ಮೇಲೆ ಕೂತು ನೋಡುತ್ತಿದ್ದಳು. ಮೊದಲ ಸಲ, ನನ್ನ ಮುಖವನ್ನೇ.

ಸಹಿ ಹಾಕಿದೆ.

ಮಾರ್ಚ್ 23, ಸೋಮವಾರ. ಮಧ್ಯಾಹ್ನ 1.40, ಎಕ್ಸ್‌ರೇ ರೂಮು

ಆ ಜಾಕೆಟ್ ಅಣ್ಣನ ಫೋನ್ ಬಂತು. ಬುಕಿಂಗ್ ಫಾರಂನಲ್ಲಿ ನಂಬರ್ ಸಿಕ್ಕಿತಂತೆ. ಬೈಯುತ್ತಾನೆ ಅಂದುಕೊಂಡೆ.

"ಅಮ್ಮಾ, ಕೆಲಸ ಹೋಯ್ತು, ಅದಿರ್ಲಿ. ಒಂದೇ ಒಂದು ಕೇಳ್ಬೇಕಿತ್ತು. ನಾನು ನಿಮ್ಮನ್ನ ಕೇಳಿದ್ದೆ ಅಲ್ವಾ, ಜೋಡಿ ಎಲ್ಲಿ ಅಂತ? ಎಲ್ರೂ ನೀನು ಕೇಳೇ ಇಲ್ಲ ಅಂತಾರೆ. ಮನೇಲೂ ಅಂತಾರೆ. ಈಗ ನಂಗೇ ಅನುಮಾನ ಬರೋಕೆ ಶುರುವಾಗಿದೆ… ಕೇಳಿದ್ದೆ ಅಲ್ವಾ?"

ಹೊರಗೆ ಪೇಷೆಂಟ್ ಬಾಗಿಲು ಬಡಿಯುತ್ತಿದ್ದ. ಫೋನ್ ಕಟ್ ಮಾಡಿದೆ.

ಬರೆಯುತ್ತೇನೆ. ಯಾರು ಓದುವುದಿದೆ.

ನೀರಿಗಿಳಿದ ಮೇಲೆ ಗುಬ್ಬಿ ಕರೆದಳು. "ಬಾ, ಆ ಬಂಡೆ ಹಿಂದೆ ಹೋಗೋಣ. ಅಲ್ಲಿ ಹೇಳ್ತೀನಿ." "ನೀನೇ ಹೋಗು, ನಂಗೆ ಸುಸ್ತು" ಅಂದೆ. ಸುಸ್ತೇನೂ ಇರಲಿಲ್ಲ. ಹೋದಳು. ನಾನು ದೋಣಿಯ ಹತ್ತಿರವೇ ಸುಮ್ಮನೆ ತೇಲಿದೆ. ಹಾರ್ನ್ ಆಯಿತು, ಹತ್ತಿದೆ. ಅಣ್ಣ ಕೇಳಿದ. ಕೇಳಿದ. ಕನ್ನಡಕ ಮೂಗಿಗೇರಿಸಿ, ಹಲಗೆಯ ಮೇಲೆ ಪೆನ್ಸಿಲ್ ಇಟ್ಟು, "ನಿಮ್ಮ ಜೋಡಿ ಎಲ್ಲಮ್ಮಾ?" ಅಂದ. ದೋಣಿಯ ಮೂತಿಯ ಕಡೆ ಹಳದಿ ಅಂಗಿಯವಳೊಬ್ಬಳು ಬೆನ್ನು ಹಾಕಿ ಕೂತಿದ್ದಳು. ಗುಬ್ಬಿಯದೂ ಹಳದಿ ಅಂಗಿ. ಕೈ ತೋರಿಸಿ, "ಮುಂದೆ ಕೂತಿದ್ದಾಳೆ" ಅಂದೆ. ಅವನು ಗೀಟು ಎಳೆದುಕೊಂಡ.

ಅವಳ ಒದ್ದೆ ಕೂದಲು ಸೊಂಟದವರೆಗಿತ್ತು. ಗುಬ್ಬಿಯದು ಕತ್ತಿನವರೆಗೂ ಬರುವುದಿಲ್ಲ.

ಕಂಡಿತ್ತಾ? ಕಂಡಿರಬೇಕು. ಎರಡನೇ ಸಲ ನೋಡಿದ್ದರೆ ಎದ್ದು ಹೋಗಿ ಗುಬ್ಬಿಯನ್ನು ಹುಡುಕಿ ಮಾತಾಡಿಸಬೇಕಾಗುತ್ತಿತ್ತು. ಅದು ಬೇಕಿರಲಿಲ್ಲ. ಅದಕ್ಕೇ ನೋಡಲಿಲ್ಲ. ಅಷ್ಟೇ ನಿಜ. ಅದಕ್ಕಿಂತ ಒಳ್ಳೆಯದು ಹುಡುಕಿದರೂ ಸಿಗುತ್ತಿಲ್ಲ.

ಮಾರ್ಚ್ 24, ಮಂಗಳವಾರ. ಸಂಜೆ

ರಜೆ ಹಾಕಿ ಬಂದರು ಕಚೇರಿಗೆ ಹೋದೆ. ಹೊಸ ಹೇಳಿಕೆ ಬರೆದುಕೊಟ್ಟೆ. ಅಧಿಕಾರಿ ಎರಡು ಸಲ ಓದಿದರು. "ಹಳೇದನ್ನ ಹರಿಯೋಕಾಗಲ್ಲ. ಎರಡೂ ಫೈಲಲ್ಲೇ ಇರುತ್ತೆ. ಪ್ರಶ್ನೆ ಬರುತ್ತೆ ನಿಮಗೆ." ಬರಲಿ. ಹೊರಗೆ ಬಂದು ಅಣ್ಣನಿಗೆ ಫೋನ್ ಮಾಡಿದೆ. "ಕೇಳಿದ್ರಿ. ತಪ್ಪು ಉತ್ತರ ಕೊಟ್ಟಿದ್ದು ನಾನು." ಅವನು, "ನಾನೂ ಒಂದ್ಸಲ ತಲೆ ಎಣಿಸ್ಬೇಕಿತ್ತಮ್ಮ" ಅಂದ. ಅದನ್ನು ಕೇಳಿ ಬಸ್‌ಸ್ಟಾಪಿನಲ್ಲೇ ಅಳು ಬಂತು.

ವಕೀಲೆಗೂ ಹೇಳಿದೆ. "ನನ್ನ ಕೈಲಿ ಸುಳ್ಳು ಬರೆಸಿದ್ಯಲ್ಲೇ" ಅಂದಳು. ಮತ್ತೆ ಫೋನ್ ಎತ್ತುತ್ತಿಲ್ಲ.

ಗುಬ್ಬಿಗೆ ಅಡುಗೆಮನೆಯಲ್ಲಿ ಹೇಳಿದೆ. ನಿಂತುಕೊಂಡೇ. ಕೂದಲಿನ ವಿಷಯವನ್ನೂ ಬಿಡಲಿಲ್ಲ.

"ಗೊತ್ತು" ಅಂದಳು.

"ಏನು ಗೊತ್ತು?"

"ಬಂಡೆ ದಾಟಿ ಬರ್ತಾ ಇದ್ದೆ. ನೀನು ಅಣ್ಣನಿಗೆ ಕೈ ತೋರಿಸ್ತಿದ್ದೆ. ನನ್ನನ್ನೇ ತೋರಿಸ್ತಿದ್ದೀಯ ಅನ್ಕೊಂಡು ನಾನೂ ಕೈ ಎತ್ತಿದೆ." ಅಂಗೈಯ ಪಟ್ಟಿ ನೋಡಿಕೊಂಡಳು. "ಆಮೇಲೆ ಇಂಜಿನ್ ಸದ್ದು ಕೇಳಿಸ್ತು."

ಸ್ಟೂಲ್ ಎಳೆದುಕೊಂಡು ಕೂತೆ.

"ಸಹಿ ಹಾಕಿದ ದಿನ ನಿನ್ನನ್ನೇ ನೋಡ್ತಾ ಇದ್ದೆ. ಈಗ ಹೇಳ್ತೀಯ, ಈಗ ಹೇಳ್ತೀಯ ಅಂತ."

ಎದ್ದು ಕೋಣೆಗೆ ಹೋದಳು. ಬಾಗಿಲು ಮೆತ್ತಗೆ ಹಾಕಿಕೊಂಡಳು. ದಡಾರನೆ ಹಾಕಿದ್ದರೆ ಚೆನ್ನಾಗಿತ್ತು.

ಮಾರ್ಚ್ 28, ಶನಿವಾರ. ಬೆಳಿಗ್ಗೆ 9.15

ನಾಲ್ಕು ದಿನದಲ್ಲಿ ಅವಳು ಆಡಿದ್ದು ಎರಡು ಮಾತು. "ಗ್ಯಾಸ್ ಆಫ್ ಮಾಡು." "ಹಾಲು ಬಂದಿದೆ." ಹಜಾರದಲ್ಲಿ ಅವಳ ಸಾಮಾನಿನ ಡಬ್ಬಗಳು ಸಾಲಾಗಿ ಕೂತಿವೆ. ಮುಂದಿನ ವಾರವೇ ಹೊರಡುತ್ತಾಳೆ. ತಡೆಯುವ ಬಾಯಿ ನನಗಿಲ್ಲ. ಅಣ್ಣನನ್ನು ವಾಪಸ್ ತೆಗೆದುಕೊಂಡಿದ್ದಾರೆ, ದೋಣಿಗಲ್ಲ, ಟಿಕೆಟ್ ಕೌಂಟರಿಗೆ.

ಈಗ ಹತ್ತು ನಿಮಿಷದ ಹಿಂದೆ ಟವೆಲ್ ಹೆಗಲಿಗೆ ಹಾಕಿಕೊಂಡು ನನ್ನ ಬಾಗಿಲಲ್ಲಿ ನಿಂತಳು.

"ತಲೆಗೆ ಸ್ನಾನ ಮಾಡಿ ಎರಡು ವಾರ ಆಯ್ತು. ಮುಖದ ಮೇಲೆ ನೀರು ಬಿದ್ದು ಕಣ್ಣು ಮುಚ್ಚಿದ್ರೆ… ಆಗಲ್ಲ ನಂಗೆ. ಹೊರಗೆ ಕೂತು ಮಾತಾಡ್ತಾ ಇರು."

"ಏನು ಮಾತಾಡ್ಲಿ?"

"ಏನಾದ್ರೂ. ನಿಲ್ಲಿಸ್ಬೇಡ, ಅಷ್ಟೆ."

ಬಾತ್‌ರೂಮಿನ ಬಾಗಿಲು ಅರ್ಧ ತೆರೆದಿದೆ. ನೆಲದ ಮೇಲೆ ಕೂತಿದ್ದೇನೆ. ಮೊದಲು ಆಸ್ಪತ್ರೆಯ ಲಿಫ್ಟ್ ಕೆಟ್ಟಿದ್ದು ಹೇಳಿದೆ. ಕೆಮ್ಮಿನ ಅಜ್ಜಿಯ ಕಥೆ ಹೇಳಿದೆ. ಒಳಗಿನಿಂದ ನಗು ಬರಲಿಲ್ಲ, ನೀರಿನ ಸದ್ದು ಬಂತು. ಈಗ ತರಕಾರಿಯವನ ಹೊಸ ಮೀಸೆಯ ಬಗ್ಗೆ ಹೇಳುತ್ತಿದ್ದೇನೆ. ಬಾಯಿ ಒಂದು ಕಡೆ, ಪೆನ್ನು ಒಂದು ಕಡೆ. ಎರಡೂ ಒಟ್ಟಿಗೆ ಸಾಗುತ್ತಿಲ್ಲ, ಬರೆಯುವಾಗ ಮಾತು ನಿಂತುಹೋಗು…

"ಏಯ್! ಇದ್ದೀಯಾ?"

ಇದ್