ಗುಂಡಿ ಅವರೇ ಹಾಕಿಕೊಳ್ಳಲಿ

ಹ್ಯಾರೋ, ಲಂಡನ್
ಅಕ್ಟೋಬರ್ ೨೦, ೨೦೨೫

ಪ್ರೀತಿಯ ಪ್ರಾಚಿಗೆ,

ಹಬ್ಬದ ಎಣ್ಣೆಸ್ನಾನ ಮುಗಿಸಿ ಬರೆಯಲು ಕುಳಿತಿರುವ ನಿನ್ನ ಶೇಷಾದ್ರಿ ಕಾಕಾನ ಆಶೀರ್ವಾದಗಳು. ನಾನೂ ರಜನಿ ಕಾಕೂ ಕ್ಷೇಮ. ಒಮಾಹಾದಲ್ಲಿ ಈಗಾಗಲೇ ಚಳಿ ಕಚ್ಚುತ್ತಿದೆಯೆಂದು ಕೇಳಿದೆ. ಕಿವಿ ಮುಚ್ಚಿಕೊಂಡು ಓಡಾಡು.

ನಿನ್ನ ಸಂದೇಶ ಬಂದು ವಾರವಾಯಿತು. ಇಷ್ಟು ದಿನ ಉತ್ತರಿಸದೆ ಇದ್ದುದನ್ನು ಮನ್ನಿಸು. ವಯಸ್ಸಾಯಿತು, ಕೈ ನಡುಗುತ್ತದೆ ಎಂದು ನೆಪ ಹೇಳಬಹುದಿತ್ತು. ಆದರೆ ನನ್ನ ಕೈ ನಡುಗುವುದಿಲ್ಲವೆಂದು ನಿನಗೆ ಗೊತ್ತು. ಎಲ್ಲಿಂದ ಆರಂಭಿಸಬೇಕೆಂದು ತಿಳಿಯದೆ ಹಲವು ಸಲ ಬರೆದು ಹರಿದುಹಾಕಿದೆ.

ಇಂಗ್ಲಿಷ್ ಅಕ್ಷರಗಳಲ್ಲಿ ನೀನು ಬರೆಯುವ ಧಾರವಾಡದ ಕನ್ನಡವನ್ನು ಓದುವಾಗ, ಭಾನುವಾರದ ತರಗತಿಯಲ್ಲಿ ನಾನು ಕಲಿಸಿದ ಅಕ್ಷರಮಾಲೆ ಎಲ್ಲಿ ಹೋಯಿತೆಂದು ಬೇಸರವಾಗುತ್ತದೆ; ಆದರೂ ಒಂದೇ ಸಂದೇಶವನ್ನು ಮೂರು ಸಲ ಓದುತ್ತೇನೆ. "ಕಾಕಾ, ನಮ್ಮ ಮ್ಯಾಚ್ ಹ್ಯಾಂಗ ಅನಿಸ್ತು? ವೆಂಡೆಲ್ ಆರಾಮ ಇದ್ದಾನ, ಬರೇ ನರ ಝುಂ ಅಂದಿತ್ತು. ಮುಂದಿನ ಮ್ಯಾಚ್ ಆಡ್ತಾನ. ನನ್ನ ಹೆಡ್ ಫಿಸಿಯೊ ಮಾಡೋರಿದ್ದಾರ, ನಿಮ್ಮ ಆಶೀರ್ವಾದ ಬೇಕು" ಎಂದು ಬರೆದಿದ್ದೀ. ಈ ವಿಷಯಗಳನ್ನು ನೀನು ಒಂದೇ ಉಸಿರಿನಲ್ಲಿ ಹೇಳಿರುವೆ. ನನಗೆ ಅವನ್ನು ಬಿಡಿಸಿ ಹೇಳಲು ಇಷ್ಟು ಪುಟಗಳು ಬೇಕಾಗಿವೆ.

ಮೊದಲು ಆಟ, ನಿಮ್ಮ ಆ ಅಮೆರಿಕನ್ ಫುಟ್‌ಬಾಲ್. ನೀನು ಕಳಿಸಿದ ಎರಡು ಟಿಕೆಟ್‌ಗಳಲ್ಲಿ ಒಂದು ರಜನಿಯದಾಗಬೇಕಿತ್ತು. ತಂಡದ ಜೊತೆ ಲಂಡನ್ನಿಗೆ ಬಂದೂ ಹುಡುಗಿ ಮನೆಗೆ ಬರಲಿಲ್ಲ, ಮಾಡಿಟ್ಟ ಶಂಕರಪೋಳಿ ಡಬ್ಬಿಯಲ್ಲೇ ಉಳಿಯಿತು ಎಂಬ ಸಿಟ್ಟು ಆಕೆಗೆ. "ಹೆಲ್ಮೆಟ್ ಹಾಕ್ಕೊಂಡು ಹಾಯೋದನ್ನ ನೋಡ್ಲಿಕ್ಕೆ ನಾ ಯಾಕ ಬರ್ಲಿ? ಹೋರಿ ಹಾಯೋದು ಸಣ್ಣಾಕಿ ಇದ್ದಾಗ ಭಾಳ ನೋಡೀನಿ. ಅವು ಟಿಕೆಟ್ ಕೇಳ್ತಿದ್ದಿಲ್ಲ" ಎಂದು ಮನೆಯಲ್ಲೇ ಉಳಿದಳು. ಹಾಗಾಗಿ ಗ್ರೀನ್‌ಫರ್ಡ್‌ನ ನಮ್ಮ ಫ್ರಾನ್ಸಿಸ್ ಅವರನ್ನು ಕರೆದೆ. ಶಿರ್ವದವರು, ಗೋದಾಮಿನಲ್ಲಿ ಮೇಲ್ವಿಚಾರಕರಾಗಿ ನಿವೃತ್ತರಾದವರು, ಈ ಆಟವನ್ನು ಟಿವಿಯಲ್ಲಿ ಬಹಳ ಕಾಲದಿಂದ ನೋಡುತ್ತ ಬಂದವರು. ಚರ್ಚಿನಲ್ಲಿ ಪೂಜೆ ಮುಗಿಸಿ ನೇರವಾಗಿ ಬಂದರು. ಹೀತ್ರೋ ಬಳಿ ನಿಂತು ವಿಮಾನ ನೋಡುವ ತಮ್ಮ ದುರ್ಬೀನನ್ನೂ ಕೊರಳಿಗೆ ಹಾಕಿಕೊಂಡಿದ್ದರು.

ನಿನ್ನ ಡ್ರೋವರ್ಸ್ ತಂಡದ ಬಗ್ಗೆ ನನ್ನ ಅಭಿಪ್ರಾಯ ಕೇಳಿದ್ದೀಯಲ್ಲ, ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಅಷ್ಟು ದುಬಾರಿಯಾದ ಅಯೋಗ್ಯತನವನ್ನು ನಾನು ನನ್ನ ವೃತ್ತಿಜೀವನದಲ್ಲೇ ಕಂಡಿರಲಿಲ್ಲ. ನಾನು ಎಷ್ಟು ಆಸ್ಪತ್ರೆಗಳ ಆಡಳಿತ ಮಂಡಳಿಗಳ ಎದುರು ಕುಳಿತು ಬಂದವನೆಂಬುದು ನಿನಗೆ ತಿಳಿದೇ ಇದೆ. ಆಟ ಆರಂಭವಾಗುವ ಮೊದಲು ಬೆಂಕಿ ಉಗುಳುವ ಯಂತ್ರಗಳ ನಡುವೆ ಅವರು ಓಡಿ ಬಂದ ಠೀವಿಯೇನು, ಎದೆ ಬಡಿದುಕೊಂಡ ಆರ್ಭಟವೇನು. ಋತು ಆರಂಭವಾದಾಗಿನಿಂದ ಒಂದು ಆಟವನ್ನೂ ಗೆಲ್ಲದವರು ಇವರೆಂದು ಅಪರಿಚಿತನಿಗೆ ಹೇಳಿದರೆ ಆತ ನಂಬಲಾರ. ಮೊದಲ ಹತ್ತು ನಿಮಿಷಗಳಲ್ಲಿ ತಾನಾಗಿಯೇ ನಂಬುತ್ತಾನೆ.

ಎರಡು ಹೆಜ್ಜೆ ಓಡಿ ಎಲ್ಲರೂ ನಿಂತುಬಿಡುವುದನ್ನು ಕಂಡು, "ಇದೇನು ಆಟವೋ ಮದುವೆಯ ಮೆರವಣಿಗೆಯೋ?" ಎಂದೆ.

"ನಿಮ್ಮ ಟೆಸ್ಟ್ ಕ್ರಿಕೆಟಿನವರು ಚಾ ಕುಡಿಲಿಕ್ಕೆ ನಿಲ್ಸುದಿಲ್ವಾ ಡಾಕ್ಟ್ರೇ? ಇವ್ರು ಜಾಹೀರಾತಿಗೆ ನಿಲ್ಸ್ತಾರೆ, ಅಷ್ಟೆ" ಎಂದರು ಫ್ರಾನ್ಸಿಸ್.

"ಆದರೆ ಇವರು ಯಾಕೆ ಇಷ್ಟು ಸೋಲುತ್ತಾರೆ?"

"ಇದು ರೀಬಿಲ್ಡ್ ಮಾರಾಯ್ರೆ. ಹಳೆ ಗಟ್ಟಿ ಆಟಗಾರರನ್ನೆಲ್ಲ ಬೇರೆ ತಂಡಕ್ಕೆ ಕೊಟ್ಟು, ಬದಲಿಗೆ ಮುಂದಿನ ವರ್ಷ ಹೊಸ ಹುಡುಗ್ರನ್ನು ಆರಿಸುವ ಹಕ್ಕು ತಕ್ಕೊಂಡಿದ್ದಾರೆ. ಈ ವರ್ಷ ಎಲ್ಲರಿಗಿಂತ ಜಾಸ್ತಿ ಸೋತವರಿಗೆ ಎಲ್ಲರಿಗಿಂತ ಒಳ್ಳೆ ಹುಡುಗ ಮೊದಲು ಸಿಗ್ತಾನೆ."

"ಅಂದರೆ ಕೊನೆಯವನಾಗಿ ಪಾಸಾದವನಿಗೆ ಚಿನ್ನದ ಪದಕ."

"ಪಾಸ್ ಅಲ್ಲ ಡಾಕ್ಟ್ರೇ, ಫೇಲ್ ಆದವನಿಗೆ."

ಪುನರ್ನಿರ್ಮಾಣವಂತೆ. ನಮ್ಮ ಎದುರುಮನೆಯ ಗೃಹಸ್ಥ ಈ ಬೇಸಿಗೆಯಲ್ಲಿ ಚಾವಣಿಯಡಿ ಲಾಫ್ಟ್ ಕೋಣೆ ಕಟ್ಟಿಸಿದ. ಆತನೇನೂ ಮಹಾ ಬುದ್ಧಿವಂತನಲ್ಲ. ಕಸದ ಡಬ್ಬಿಗಳನ್ನು ಪ್ರತಿವಾರವೂ ತಪ್ಪು ದಿನ ಹೊರಗಿಡುವವನು. ಆದರೂ ಚಾವಣಿ ಬಿಚ್ಚುವ ಮೊದಲು ಟಾರ್ಪಾಲು ಹೊದಿಸಬೇಕು, ಕೆಳಗೆ ಮಲಗುವ ಮಕ್ಕಳನ್ನು ಬೇರೆಡೆ ಕಳಿಸಬೇಕು ಎಂಬಷ್ಟು ವಿವೇಕ ಆತನಿಗಿತ್ತು. ನಿನ್ನ ಮಾಲೀಕರಿಗೆ ಅದೂ ಇಲ್ಲ. ಚೆಂಡು ಎಸೆಯುವ ಹುಡುಗನನ್ನು ಕಾಯಬೇಕಾದ ದೈತ್ಯರ ಸಾಲನ್ನೇ ಮೊದಲು ಮಾರಿದರು. ಆಮೇಲೆ ಇಪ್ಪತ್ತೊಂದರ ಹುಡುಗನೊಬ್ಬನನ್ನು ತಂದು, ಅವನ ಚಿತ್ರವನ್ನು ಬಸ್ಸುಗಳ ಮೇಲೆ ಅಂಟಿಸಿ, ಆ ಬಯಲಿನಲ್ಲಿ ಒಂಟಿಯಾಗಿ ನಿಲ್ಲಿಸಿದರು. ಮಾಲೀಕ ಮಹಾಶಯ ಗಾಜಿನ ಕೋಣೆಯಲ್ಲಿ ಕುಳಿತು ಏನನ್ನೋ ಮೆಲ್ಲುತ್ತಿದ್ದ. ಆತನ ಮುಖದಲ್ಲಿ ಸೋಲಿನ ಸಂಕಟದ ಗೆರೆಯೊಂದೂ ಇರಲಿಲ್ಲ. ಯಾಕಿರಬೇಕು? ಪ್ರತಿ ಸೋಲೂ ಆತನ ಪಾಲಿಗೆ ಬ್ಯಾಂಕಿನಲ್ಲಿಟ್ಟ ಠೇವಣಿ.

ಮುಖ್ಯ ತರಬೇತುದಾರನನ್ನೂ ಗಮನಿಸಿದೆ. ಆಟದ ನಂತರ ಮೈಕಿನ ಮುಂದೆ ನಿಂತು, "ನಾವು ವಾರದಿಂದ ವಾರಕ್ಕೆ ಬೆಳೆಯುತ್ತಿದ್ದೇವೆ" ಎಂದನಲ್ಲ ಆ ಪುಣ್ಯಾತ್ಮ. ಹೌದು, ಎದುರಾಳಿಗಳ ಅಂಕಗಳು ಬೆಳೆಯುತ್ತಿವೆ. ಕೆಲಸ ಹೋಗುವ ಭಯ ಆತನ ಕತ್ತಿನ ನರಗಳಲ್ಲಿ ಕುಣಿಯುತ್ತಿತ್ತು. ಮಾಲೀಕನಿಗೆ ಸೋಲು ಬೇಕು, ಈತನಿಗೆ ಒಂದಾದರೂ ಗೆಲುವು ಬೇಕು. ಇಬ್ಬರ ಬೇಕುಗಳಿಗೂ ಬೆಲೆ ತೆರುವುದು ಒಬ್ಬನೇ ಹುಡುಗನ ಮೈ.

ಇನ್ನು ಆ ಹುಡುಗ, ವೆಂಡೆಲ್. ನಿನ್ನ ತಂಡದಲ್ಲಿ ನನಗೆ ತಿರಸ್ಕಾರ ಹುಟ್ಟದಿರುವ ಮನುಷ್ಯ ಅವನೊಬ್ಬನೇ. ನೆಲಕ್ಕೆ ಬಿದ್ದಾಗಲೆಲ್ಲ ತನ್ನನ್ನು ಕೆಡವಿದವನ ಬೆನ್ನು ತಟ್ಟಿ ಏಳುತ್ತಾನೆ. ಅದು ಅವನ ತಾಯಿ ಕಲಿಸಿದ್ದಿರಬೇಕು. ಆ ತಂಡದಲ್ಲಿ ಕಲಿಸುವವರು ಯಾರೂ ಕಾಣಲಿಲ್ಲ. ಮಧ್ಯಂತರ ಮುಗಿದ ಮೇಲೆ ಬಲಗಡೆಯಿಂದ ಬಂದ ಒಬ್ಬ ಅವನ ಬಲಭುಜಕ್ಕೆ ಅಪ್ಪಳಿಸಿದ. ತಲೆ ಒಂದು ಕಡೆಗೆ ಬಾಗಿತು, ಭುಜ ಇನ್ನೊಂದು ಕಡೆಗೆ ಎಳೆಯಿತು. ಎದ್ದು ನಿಂತಾಗ ಬಲತೋಳು ಒದ್ದೆ ಬಟ್ಟೆಯಂತೆ ನೇತಾಡುತ್ತಿತ್ತು. ನಾಲ್ಕು ದಶಕ ಕತ್ತು ಬೆನ್ನುಗಳನ್ನೇ ನೋಡಿದವನಿಗೆ ಯಾವ ಪರದೆಯ ಮರುಪ್ರಸಾರವೂ ಬೇಕಿರಲಿಲ್ಲ. ಕತ್ತಿನಿಂದ ತೋಳಿಗಿಳಿಯುವ ನರ ಜಗ್ಗಿತ್ತು.

ಆಗ ನೀನು ಓಡಿ ಬಂದೆ. "ಅದು ನಮ್ಮ ಪ್ರಾಚಿ ಅಲ್ವಾ ಡಾಕ್ಟ್ರೇ?" ಎಂದು ಫ್ರಾನ್ಸಿಸ್ ಎದ್ದೇ ನಿಂತರು. ಮುಂದಿನ ಸಾಲಿನ ಇಂಗ್ಲಿಷ್ ದಂಪತಿಗಳ ಭುಜ ತಟ್ಟಿ, ಆಕೆ ಹ್ಯಾರೋದ ಹುಡುಗಿ, ಇವರ ಶಿಷ್ಯೆ ಎಂದು ನನ್ನನ್ನು ತೋರಿಸಿದರು. ಆ ಗಳಿಗೆಯಲ್ಲಿ ನಾನು ಎಷ್ಟು ಹೆಮ್ಮೆಪಟ್ಟೆನೆಂಬುದನ್ನು ಬರೆಯದಿದ್ದರೆ ಈ ಪತ್ರ ಸುಳ್ಳಾಗುತ್ತದೆ. ನೀನು ಅವನನ್ನು ಮೈದಾನದಂಚಿನ ಆ ನೀಲಿ ತಪಾಸಣೆಯ ಡೇರೆಯೊಳಗೆ ಕರೆದೊಯ್ದೆ. ತಲೆಯ ಪೆಟ್ಟು ನೋಡುವ ಸ್ವತಂತ್ರ ವೈದ್ಯರೂ ಒಳಗೆ ಹೋದರು. ಅವರು ತಲೆ ನೋಡಿದರು, ತಲೆ ಸರಿಯಿತ್ತು. ತೋಳನ್ನು ನೋಡುವುದು ತಂಡದವರ ಹೊಣೆ. ಸ್ವಲ್ಪ ಹೊತ್ತಿನಲ್ಲೇ ವೆಂಡೆಲ್ ಹೊರಬಂದು ಮತ್ತೆ ಆಡಿದ. ಅವನೆಸೆದ ಚೆಂಡು ಅರ್ಧ ದಾರಿಯಲ್ಲೇ ಜೀವ ಬಿಟ್ಟು ಎದುರಾಳಿಯ ಮಡಿಲಿಗೆ ಬಿತ್ತು. ಅರವತ್ತು ಸಾವಿರ ಜನ ಅದನ್ನು ಕೆಟ್ಟ ಎಸೆತವೆಂದರು. ವೀಕ್ಷಕ ವಿವರಣೆಯವನು ಹುಡುಗನ ಕೆಚ್ಚೆಂದು ಕೊಂಡಾಡಿದನಂತೆ. ಬಲವಿಲ್ಲದ ತೋಳಿನಿಂದ ಎಸೆಯಲು ಕಳಿಸುವುದಕ್ಕೆ ಅವರ ನಿಘಂಟಿನಲ್ಲಿರುವ ಹೆಸರು ಅದು.

ಆದ್ದರಿಂದ "ಬರೇ ನರ ಝುಂ ಅಂದಿತ್ತು" ಎಂಬ ನಿನ್ನ ಮಾತನ್ನು ನಾನು ಒಪ್ಪುವುದಿಲ್ಲ. ಝುಂ ಎಂದದ್ದು ನಿಮಿಷಗಳಲ್ಲಿ ಇಳಿದು, ತೋಳು ತನ್ನ ಪೂರ್ತಿ ಬಲದಿಂದ ಎದ್ದರೆ ಮಾತ್ರ ಅದು "ಬರೇ". ಏಳದಿದ್ದರೆ ಕತ್ತಿನ ಸ್ಕ್ಯಾನ್ ಆಗುವವರೆಗೆ ಅವನು ಮೈದಾನಕ್ಕೆ ಇಳಿಯಬಾರದು. ಕಳೆದ ವಾರ ನಿಮಗೆ ಬಿಡುವಿತ್ತು. ಈ ಇಪ್ಪತ್ತಾರನೆಯ ಭಾನುವಾರ ಮತ್ತೆ ಆಟವಿದೆ. ಅದೇ ಭುಜಕ್ಕೆ ಇನ್ನೊಂದು ಪೆಟ್ಟು ಬಿದ್ದರೆ ಆ ಹುಡುಗ ಮುಂದೆ ತನ್ನ ಮಗುವನ್ನು ಎತ್ತಿಕೊಳ್ಳಲೂ ಎಡಗೈಯನ್ನೇ ಹುಡುಕಬೇಕಾದೀತು. ಅವನನ್ನು ತಡೆಯುವ ಅಧಿಕಾರ ನಿನ್ನ ಒಂದು ಮಾತಿಗಿದೆ. ಆ ಮಾತಾಡಿದರೆ ಹೊಸ ಹುದ್ದೆ ಕೈತಪ್ಪಬಹುದು, ಇರುವ ಹುದ್ದೆಯೂ ಹೋಗಬಹುದು. ಅದನ್ನು ನಾನು ಹಗುರವಾಗಿ ಹೇಳುತ್ತಿಲ್ಲ. ಆದರೆ ಆಟದ ಮರುದಿನವೇ ನಿನಗೆ ಬಡ್ತಿಯ ಆಸೆ ತೋರಿಸಿದರಲ್ಲ, ಗೆಲ್ಲಲು ಬಾರದ ಆ ಜನ ಮನುಷ್ಯರನ್ನು ಎಷ್ಟು ಚೆನ್ನಾಗಿ ಕೊಳ್ಳಬಲ್ಲರೆಂದು ಯೋಚಿಸು.

ನಿನಗೆ ಹದಿನಾರಿದ್ದಾಗ, ಶಾಲೆಯಿಂದ ಎರಡು ವಾರದ ಅನುಭವಕ್ಕೆಂದು ನನ್ನ ವಾರ್ಡಿಗೆ ಬಂದಿದ್ದೆ. ಕತ್ತಿನ ಶಸ್ತ್ರಚಿಕಿತ್ಸೆಯಾದ ಮುದುಕಿಯೊಬ್ಬರು ಕಾರ್ಡಿಗನ್ನಿನ ಗುಂಡಿ ಹಾಕಿಕೊಳ್ಳಲು ಒದ್ದಾಡುತ್ತಿದ್ದರು. ನೀನು ಓಡಿಹೋಗಿ ಕೈ ಹಚ್ಚಲು ಹೊರಟೆ. ನಾನು ತಡೆದೆ. "ಕೈ ಹಿಂದ ಕಟ್ಟಿಕೋ. ಗುಂಡಿ ಅವರೇ ಹಾಕ್ಕೊಳ್ಳಲಿ. ನಿನ್ನ ಕೈ ಸಹಾಯಕ್ಕ ಹೋದ್ರ ನಿನ್ನ ಕಣ್ಣು ಕೆಲಸಾ ಬಿಡ್ತದ" ಎಂದೆ. "ಕಾಕಾ, ಯು ಆರ್ ಸೋ ಕ್ರುಯೆಲ್" ಎಂದು ನೀನು ಕಣ್ಣಲ್ಲಿ ನೀರು ತಂದುಕೊಂಡೆ. ಆದರೂ ಕೈ ಕಟ್ಟಿ ಕೊನೆಯ ಗುಂಡಿಯವರೆಗೂ ನಿಂತೆ. ಆಮೇಲೆ ಕಾರಿಡಾರಿನಲ್ಲಿ ಅವರ ಯಾವ ಬೆರಳು ಸೋಲುತ್ತಿತ್ತೆಂದು ನನಗೇ ಹೇಳಿದೆ. ಈ ಹುಡುಗಿ ನನಗಿಂತ ಮುಂದೆ ಹೋಗುತ್ತಾಳೆಂದು ಆ ಸಂಜೆ ರಜನಿಗೆ ಹೇಳಿದೆ. ಇಂದಿಗೂ ಆ ಮಾತನ್ನು ಹಿಂತೆಗೆದುಕೊಂಡಿಲ್ಲ.

ಹುದ್ದೆಗೆ ಆಶೀರ್ವಾದ ಕೇಳಿದ್ದೀ. ಅದು ಈ ಭಾನುವಾರ ಕಳೆಯುವವರೆಗೆ ನನ್ನಲ್ಲೇ ಇರಲಿ. ನಿನಗೆ, ನಿನ್ನ ಆಯುಸ್ಸಿಗೆ, ನಿನ್ನ ಕಣ್ಣಿಗೆ ಎಲ್ಲ ಆಶೀರ್ವಾದಗಳೂ ಎಂದಿನಂತೆ ಇವೆ. ದೀಪಾವಳಿಯ ದಿನ ಒಂದು ದೀಪವನ್ನಾದರೂ ಹಚ್ಚು. ಶಂಕರಪೋಳಿಯನ್ನು ಅಂಚೆಯಲ್ಲಿ ಕಳಿಸುವಷ್ಟು ರಜನಿಯ ಸಿಟ್ಟು ಇಳಿದಿದೆ.

ಸದಾ ನಿನ್ನ ಏಳಿಗೆ ಬಯಸುವ,
ಶೇಷಾದ್ರಿ ಕಾಕಾ

ಮತ್ತೊಂದು ಮಾತು. ಮೇಲಿನ ಪುಟಗಳ ಚಿತ್ರ ತೆಗೆದು ರಜನಿಯೇ ನಿನಗೆ ವಾಟ್ಸಾಪ್ ಮಾಡಿದಳು. ಈ ಪುಟವನ್ನು ಆಕೆ ಕೆಳಗೆ ಚಕ್ಕಲಿ ಕರಿಯುತ್ತಿರುವಾಗ ನಾನೊಬ್ಬನೇ ಕುಳಿತು ಬರೆಯುತ್ತಿದ್ದೇನೆ. ಚಿತ್ರವನ್ನೂ ನಾನೇ ತೆಗೆಯುತ್ತೇನೆ; ಓರೆಯಾಗಿದ್ದರೆ ಹೊಂದಿಸಿಕೊಂಡು ಓದು.

ವೆಂಡೆಲ್ ಡೇರೆಯಿಂದ ಹೊರಬಂದಾಗ ಫ್ರಾನ್ಸಿಸ್ ಅವರ ದುರ್ಬೀನು ನನ್ನ ಕೈಯಲ್ಲಿತ್ತು. ಅವನು ಹೆಲ್ಮೆಟ್ಟನ್ನು ತಲೆಗೇರಿಸಿದ್ದು ಎಡಗೈಯಿಂದ. ಗದ್ದದ ಪಟ್ಟಿಯ ಗುಂಡಿ ಹಾಕಲು ಬಲಗೈ ಎತ್ತಿದ. ಅದು ಎದೆಯ ಮಟ್ಟಕ್ಕೆ ಬಂದು ನಿಂತಿತು. ಮತ್ತೆ ಎತ್ತಿದ, ಮತ್ತೆ ನಿಂತಿತು. ನೀನು ಹತ್ತಿರ ಹೋಗಿ ಗುಂಡಿ ಹಾಕಿದೆ.

ದೊಡ್ಡ ಪರದೆಯಲ್ಲಿ ಜನಕ್ಕೆ ಕಂಡದ್ದು ಅವನ ಮುಖ ಮತ್ತು ನಿನ್ನ ಬೆರಳುಗಳು ಮಾತ್ರ. "ನೋಡಿ ಡಾಕ್ಟ್ರೇ, ಶಾಲೆಗೆ ಹೋಗುವ ಮಗುವಿಗೆ ಅಮ್ಮ ಕೋಟು ಹಾಕಿದ ಹಾಗೆ" ಎಂದರು ಫ್ರಾನ್ಸಿಸ್. ನಾನು ಹೌದೆಂದೆ. ಅದು ಕರುಣೆಯೇ ಇರಬೇಕೆಂದು ಈ ಒಂದು ವಾರ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಪ್ರಾಚಿ, ಕೈ ಎತ್ತುವ ಮೊದಲು ನೀನು ಆ ಸ್ವತಂತ್ರ ವೈದ್ಯರ ಕಡೆ ತಿರುಗಿ ನೋಡಿದೆ. ಅವರು ಬೆನ್ನು ತಿರುಗಿಸುವವರೆಗೆ ಕಾದೆ. ಯಾವ ತೋಳು ಸೋಲುತ್ತಿದೆಯೆಂದು ನಿನಗೆ ನನಗಿಂತ ಮೊದಲೇ ತಿಳಿದಿತ್ತು.

ಇದನ್ನು ರಜನಿಗೂ ಹೇಳಿಲ್ಲ, ಫ್ರಾನ್ಸಿಸ್ ಅವರಿಗೂ ಹೇಳಿಲ್ಲ. ಭಾನುವಾರ ಸಂಜೆ ಅವರ ಮನೆಯಲ್ಲಿ ಕುಳಿತು ಟಿವಿಯಲ್ಲಿ ಆಟ ನೋಡುತ್ತೇವೆ. ನನಗೆ ಬರೆದು ಉತ್ತರಿಸಬೇಡ. ವೆಂಡೆಲ್ ಹೆಲ್ಮೆಟ್ ಇಲ್ಲದೆ ಮೈದಾನದ ಅಂಚಿನಲ್ಲಿ ನಿಂತಿರಲಿ. ಚಳಿಗೆ ಕೋಟು ತೊಟ್ಟುಕೊಳ್ಳುವಾಗ ಅದರ ಗುಂಡಿಯನ್ನು ಅವನೇ ಹಾಕಿಕೊಳ್ಳಲಿ. ಎಷ್ಟು ಹೊತ್ತಾದರೂ ಆಗಲಿ, ನೀನು ಪಕ್ಕದಲ್ಲಿ ಕೈ ಹಿಂದೆ ಕಟ್ಟಿಕೊಂಡು ನಿಂತಿರು.