ಪಂಚಮಿಗೆ ಕರೆಯಲು ಬರುವವರು

ಜುಲೈ ೨

ಸಾರಿ. ಮತ್ತೆ ಬರೆಯುತ್ತಿದ್ದೇನೆ. ಟೆಂತ್‌ನಲ್ಲಿ ಬಾಲಮಂದಿರದ ವಾರ್ಡನ್ ನನ್ನ ಡೈರಿಯನ್ನು ಪ್ರೇಯರ್‌ನಲ್ಲಿ ಎಲ್ಲರ ಎದುರು ಓದಿದ ಮೇಲೆ ಇನ್ನು ಬರೆಯುವುದಿಲ್ಲವೆಂದು ಆಣೆ ಮಾಡಿದ್ದೆ. ಮುರಿದಿದ್ದೇನೆ. ಯಾರ ಬಳಿ ಕ್ಷಮೆ ಕೇಳುತ್ತಿದ್ದೇನೋ... ನನ್ನ ಬಳಿಯೇ ಇರಬೇಕು.

ಬೆಳಗ್ಗೆ ಅಕೌಂಟ್ಸ್ ಕ್ಲಾಸ್. ಮೇಡಂ ಕನ್ನಡದಲ್ಲಿ ಹೇಳಿದ್ದನ್ನು ಇಂಗ್ಲಿಷ್‌ನಲ್ಲಿ ಬರೆದುಕೊಂಡೆ, ಇಂಗ್ಲಿಷ್‌ನಲ್ಲಿ ಕೇಳಿದ್ದಕ್ಕೆ ಕನ್ನಡದಲ್ಲಿ ಉತ್ತರ ಕೊಟ್ಟೆ. ಎಲ್ಲ ನಕ್ಕರು. ಫಸ್ಟ್ ಇಯರ್‌ನಲ್ಲಿ ಎಲ್ಲರಿಗೂ ಹೀಗೇ ಎನ್ನುತ್ತಾಳೆ ರೂಮ್‌ಮೇಟ್ ರುಬಿಯಾ. ಅವಳಿಗೇನೂ ಹಾಗಿಲ್ಲ.

ಸಂಜೆ ಹಾಸ್ಟೆಲ್ ಗೇಟಿನಲ್ಲಿ ಗದ್ದಲ. ಯಾರದೋ ಅಪ್ಪ ಬಂದಿದ್ದರು. ವಾಚ್‌ಮನ್ ಗುಡದಪ್ಪ ಕಾಕಾನಿಗೆ ಕಿವಿ ಮಂದ, ಹಾಗಾಗಿ ಗಂಟಲು ದೊಡ್ಡದು. ಬಂದವರಿಗೆಲ್ಲ ಒಂದೇ ಪ್ರಶ್ನೆ — "ನೀವ ಆಕಿಗೆ ಏನಾಗಬೇಕ್ರಿ?" ಕೂಗಿ ಹೇಳುವ ತನಕ ಒಳಗೆ ಬಿಡುವುದಿಲ್ಲ.

"ಅಪ್ಪ ಆಗಬೇಕ್ರಿ! ಅಪ್ಪ!"

ನಮ್ಮ ಮಹಡಿಗೂ ಕೇಳಿತು. ಹುಡುಗಿಯರೆಲ್ಲ ಕಿಟಕಿಗೆ ಬಂದು ಕಿಸಿಕಿಸಿ ನಕ್ಕರು. ನನಗೆ ಯಾರೂ ಬರುವುದಿಲ್ಲ. ಫೈನ್.

ಜುಲೈ ೫, ಮಧ್ಯಾಹ್ನ

ಶಗುಫ್ತಾ ಮೇಡಂ ಫೋನ್. ಬಾಲಮಂದಿರದಲ್ಲಿದ್ದಾಗಿನಿಂದ ನನ್ನ ಕೇಸ್ ನೋಡಿಕೊಂಡ ಸೋಷಿಯಲ್ ವರ್ಕರ್. ಹದಿನೆಂಟು ತುಂಬಿ ಹೊರಗೆ ಬಂದ ಮೇಲೂ ಆಗಾಗ ಫೋನ್ ಮಾಡುತ್ತಾರೆ.

"ಸುಧಾರಾಣಿ, ಒಂದ ಮಾತ ಕೇಳೂದಿತ್ತವಾ. ಕುಂತೀಯಿಲ್ಲೋ? ಕುಂದ್ರ ಮೊದಲ."

ಗುಡಗೇರಿಯ ಯಲ್ಲೇಶಪ್ಪ, ಸುಮಂಗಲಾ. ಗಿರಣಿಯವರು. ಎರಡು ವರ್ಷದಿಂದ ಅವರ ಮನೆಯಲ್ಲಿ ಮಲ್ಲಮ್ಮ ಎಂಬ ಹುಡುಗಿ ಫಾಸ್ಟರ್‌ನಲ್ಲಿ — ಸಾಕಲು ತಾತ್ಕಾಲಿಕವಾಗಿ ಕೊಟ್ಟ ಮಗುವಾಗಿ — ಇದ್ದಾಳಂತೆ. ಎಂಟು ವರ್ಷದವಳು. ಈಗ ಕಾಯಂ ದತ್ತು ತೆಗೆದುಕೊಳ್ಳಲು ಅರ್ಜಿ ಹಾಕಿದ್ದಾರೆ. ಹಿಂದೆ ಅವರ ಮನೆಯಲ್ಲಿದ್ದ ಮಗುವಿನ ಮಾತನ್ನೂ ಕೇಳಬೇಕು ಎಂದು ಮಕ್ಕಳ ಕಲ್ಯಾಣ ಸಮಿತಿಯವರು ಹೇಳಿದ್ದಾರೆ.

ಹಿಂದೆ ಇದ್ದ ಮಗು ನಾನು.

"ಹೇಳಾಕಬೇಕಂತ ಜಬರದಸ್ತಿ ಇಲ್ಲ. ಹೇಳಿದ್ರ ನಿನ್ನ ಮಾತಿಗೆ ತೂಕ ಇರತೈತಿ, ಅಷ್ಟ. ಇಪ್ಪತ್ತೆರಡಕ್ಕ ನಾ ಕುಂದಗೋಳಕ್ಕ, ನಿಮ್ಮ ಕಾಲೇಜಿಗೆ ಬರತೇನಿ."

"ನಾ ಕೊಡಬ್ಯಾಡ್ರಿ ಅಂದ್ರ?"

"ಹುಡಿಗಿ ವಾಪಸ್ ಬರಬಹುದು."

ವಾಪಸ್. ಆ ಶಬ್ದ ನನಗೆ ಗೊತ್ತು.

ಫೋನ್ ಇಟ್ಟು ಮೆಸ್ಸಿಗೆ ಹೋದೆ. ಅನ್ನ ಎರಡು ಸಲ ಹಾಕಿಸಿಕೊಂಡೆ. ಕಾಲೇಜು ಸೇರಿದ ಮೇಲೆ ಮೊದಲ ಬಾರಿ ಹೊಟ್ಟೆ ಸರಿಯಾಗಿ ಹಸಿದಿತ್ತು.

ಜುಲೈ ೬

ಒಮ್ಮೆ ಬರೆದು ಮುಗಿಸುತ್ತೇನೆ. ಆರ್ಡರ್‌ನಲ್ಲಿ.

ಅಲ್ಲಿಗೆ ಹೋದಾಗ ನನಗೂ ಎಂಟು. ಗಿರಣಿಯ ಹಿಂದೆ ಎರಡು ಕೋಣೆ, ಅಂಗಳದಲ್ಲಿ ಬೇವಿನ ಮರ. "ಅವ್ವಾ ಅನ್ನು" ಎಂದಳು ಸುಮಂಗಲಾ. ಎಂದೆ. ಖಾರ ಕುಟ್ಟುವ ದಿನ ನನ್ನ ಮೂಗಿಗೆ ಒದ್ದೆ ಕರ್ಚೀಫು ಕಟ್ಟುತ್ತಿದ್ದಳು — ಎರಡು ಸುತ್ತು, ಗಂಟು ಎಡಗಿವಿಯ ಹಿಂದೆ, ಕೂದಲು ಸಿಕ್ಕಬಾರದೆಂದು ಜಡೆ ಎತ್ತಿ ಹಿಡಿದು. ಮೊದಲ ನಾಗರಪಂಚಮಿಗೆ ಯಲ್ಲೇಶಪ್ಪ ಮರಕ್ಕೆ ಜೋಕಾಲಿ ಕಟ್ಟಿದ. ಓಣಿಯ ಹುಡುಗಿಯರೆಲ್ಲ ನನ್ನ ಜೋಕಾಲಿಗೆ ಪಾಳಿ ಹಚ್ಚಿದ್ದರು. ನನ್ನದು ಎಂದು ಒಂದು ವಸ್ತು ಇದ್ದದ್ದು ಆಗಲೇ.

ಎರಡನೇ ಪಂಚಮಿ ಬಂತು. "ಹುಬ್ಬಳ್ಳಿಗೆ ಹೋಗೂಣು ಬಾ, ಹಬ್ಬಕ್ಕ ಲಂಗಾ ತರೂಣು" ಎಂದಳು. ಕೈಯಲ್ಲಿ ಉಂಡಿಯ ಡಬ್ಬಿ. ದಾರಿಯಲ್ಲಿ ತಿನ್ನಲು ಎಂದುಕೊಂಡೆ. ಯಾವ ಬಣ್ಣದ ಲಂಗಾ ಎಂದು ಬಸ್ಸಿನುದ್ದಕ್ಕೂ ಹೇಳಿದೆ. ಆಟೋ ನಿಂತದ್ದು ಬಟ್ಟೆ ಅಂಗಡಿಯ ಮುಂದಲ್ಲ, ಬಾಲಮಂದಿರದ ಮುಂದೆ.

"ಒಳಗ ಹೋಗಿರು, ಬಂದೆ" ಎಂದು ಡಬ್ಬಿ ನನ್ನ ಕೈಗಿಟ್ಟಳು.

ಬರಲಿಲ್ಲ. ಕಿಟಕಿಯ ಸರಳು ಹಿಡಿದು ನಿಂತೇ ಇದ್ದೆ. ಶೇಂಗಾ ಉಂಡಿ. ಇರುವೆ ಹತ್ತುವವರೆಗೂ ಇಟ್ಟುಕೊಂಡೆ, ತಿನ್ನಲಿಲ್ಲ.

ಅವಳ ಹೊಟ್ಟೆಯಲ್ಲಿ ಆಗ ಕೂಸಿತ್ತು. ಮಂದಿಯ ಮಗು ಮನೆಯಲ್ಲಿದ್ದರೆ ಚೊಚ್ಚಲಿಗೆ ಕೇಡು ಎಂದು ಅತ್ತೆ ಹಟ ಹಿಡಿದಿದ್ದಳು. ಇದನ್ನು ದೊಡ್ಡವಳಾದ ಮೇಲೆ ಶಗುಫ್ತಾ ಮೇಡಂ ಹೇಳಿದರು. ಆಗ ಆಫೀಸಿನಲ್ಲಿ ಸುಮಂಗಲಾ ಹೇಳಿ ಹೋದದ್ದು ಬೇರೆ — ಹುಡುಗಿ ಹೊಂದಿಕೊಳ್ಳಲಿಲ್ಲ ಎಂದು. ತಪ್ಪು ನನ್ನದೇ ಎಂದು ಎಷ್ಟು ವರ್ಷ ನಂಬಿದ್ದೆ.

ಈಗ ನನ್ನ ಪಾಳಿ. ಹೇಳಬೇಕಾದ್ದನ್ನು ಇಂಗ್ಲಿಷ್‌ನಲ್ಲಿ ರಿಹರ್ಸ್ ಮಾಡಿದೆ. ಇಂಗ್ಲಿಷ್‌ನಲ್ಲಿ ಹೇಳಿದರೆ ಅಳು ಬರುವುದಿಲ್ಲ. "ನಾಟ್ ಫಿಟ್." ಕನ್ನಡಿಯ ಮುಂದೆ ಹೇಳಿ ನೋಡಿದೆ. ಚೆನ್ನಾಗಿ ಕೇಳಿಸುತ್ತದೆ.

ಜುಲೈ ೧೩

ಇಂಟರ್ನಲ್ಸ್ ಇತ್ತು. ಬರೆಯಲಾಗಲಿಲ್ಲ.

ಇವತ್ತು ರೈಲು ಹತ್ತಿ ಗುಡಗೇರಿಗೆ ಹೋದೆ. ಪ್ರೂಫ್ ಬೇಕಲ್ಲ. ಹುಡುಗಿಯ ಕೈಮೇಲೆ ಒಂದು ಬರೆ, ಒಂದು ಕೆಟ್ಟ ಬೈಗುಳ, ಏನಾದರೂ ಸಿಕ್ಕೀತೆಂಬ ಆಸೆ. ಹೌದು, ಆಸೆ.

ಬರಿಗೈಯಲ್ಲಿ ಗಿರಣಿಗೆ ಹೇಗೆ ಹೋಗುವುದು? ಅಂಗಡಿಯಲ್ಲಿ ಒಂದು ಕೆಜಿ ಒಣಮೆಣಸಿನಕಾಯಿ ಕೊಂಡೆ. ಗಿರಣಿಯ ಕಟ್ಟೆಯ ಮೇಲೆ ಒಬ್ಬ ಮುದುಕಿ ಪಾಳಿಗೆ ಕೂತಿದ್ದಳು; ಹೆಸರು ಬಸವಣ್ಣೆವ್ವ ಅಂತೆ. ನನ್ನ ಚೀಲದೊಳಗೆ ಇಣುಕಿದಳು.

"ತೊಟ್ಟ ಸೈತ ಮುರದಿಲ್ಲಲ್ಲಬೇ! ಹಿಂಗ ಕುಟ್ಟಿಸಿದ್ರ ಗಂಡ ಓಡಿ ಹೋಗತಾನ."

"ಗಂಡ ಇಲ್ಲಬೇ."

"ಮತ್ತ ಯಾರಿಗೆ ಇಷ್ಟ ಖಾರ?"

ಇಬ್ಬರೂ ಕೂತು ತೊಟ್ಟು ಮುರಿದೆವು. ಅಂಗಳದಲ್ಲಿ ಜೋಕಾಲಿ. ಅದೇ ಮರ. ಒಂದು ಹುಡುಗಿ ನಿಂತು ಜೀಕುತ್ತಿತ್ತು. ಆ ಮಗು ಇವರದೇ ಏನು ಎಂದು ಕೇಳಿದೆ, ಗೊತ್ತಿಲ್ಲದವಳಂತೆ.

"ತಂದಾರವಾ. ಇದಕಿಂತ ಮೊದಲ ಒಂದ ಹುಡಿಗಿ ಇತ್ತು. ಆಕಿನ್ನ ಬಿಟ್ಟ ಬಂದ್ರು. ಆಮ್ಯಾಲೆ ಹೊಟ್ಟ್ಯಾಗಿಂದೂ ಉಳೀಲಿಲ್ಲ ನೋಡು. ಆ ಹುಡಿಗಿ ಶಾಪ ತಟ್ಟತು ಅಂತಾರ ಮಂದಿ. ಅಷ್ಟ ಸಣ್ಣದು ಏನ ಶಾಪ ಕೊಡತೈತಿ, ಹೇಳು."

ಕೊಟ್ಟಿದ್ದೆ. ಪ್ರತಿ ದಿನ, ಪ್ರೇಯರ್‌ನಲ್ಲಿ ಕಣ್ಣು ಮುಚ್ಚಿದಾಗೆಲ್ಲ. ಉಳಿಯಲಿಲ್ಲ ಎಂದು ಕೇಳಿದಾಗ ಖುಷಿಯಾಯಿತು. ಯಾರೂ ಓದುವುದಿಲ್ಲವೆಂದು ಬರೆಯುತ್ತಿದ್ದೇನೆ — ಖುಷಿಯಾಯಿತು. ಆಮೇಲೆ ಮರೆತು ಮೆಣಸಿನಕಾಯಿ ಮುಟ್ಟಿದ ಕೈಯನ್ನೇ ಕಣ್ಣಿಗೆ ಒರೆಸಿಕೊಂಡೆ. ನೀರು ಬಂದದ್ದು ಅದಕ್ಕೇ.

ಯಲ್ಲೇಶಪ್ಪನ ತಲೆ ಬೆಳ್ಳಗಾಗಿದೆ, ಹಿಟ್ಟಿನಿಂದಲೋ ವಯಸ್ಸಿನಿಂದಲೋ. ಗುರುತು ಹಿಡಿಯಲಿಲ್ಲ. "ಯಾರ ಹೆಸರೀಲೆ ಇಡಲಿ ಚೀಲಾ?" ಎಂದ. "ರುಬಿಯಾ" ಎಂದೆ. ಬಾಯಿಗೆ ಅದೇ ಬಂತು.

ಜೋಕಾಲಿಯ ಹತ್ತಿರ ಹೋದೆ. ಮಲ್ಲಮ್ಮನ ಕೈಕಾಲು ನೋಡಿದೆ. ಬರೆ ಇಲ್ಲ. ಮದರಂಗಿ ಇದೆ.

"ಪಂಚಮಿಗೆ ಹೊಸಾ ಲಂಗಾ ಬಂತೇನು?"

"ಬಂತಲ್ಲ. ಅಪ್ಪ ಹುಬ್ಬಳ್ಳಿಂದ ತಂದಾನ."

"ನೀ ಹೋಗಲಿಲ್ಲೇನು ಆರಸಾಕ?"

"ಅವ್ವ ಹುಬ್ಬಳ್ಳಿ ಬಸ್ಸ ಹತ್ತೂದಿಲ್ಲ. ನನ್ನೂ ಹತ್ತಗೊಡೂದಿಲ್ಲ. ದವಾಖಾನಿಗೆ ಸೈತ ಲಕ್ಷ್ಮೇಶ್ವರಕ್ಕ ಹೋಗತೀವಿ. ನನ್ನ ಕರಕೊಂಡ ಬರಾಕೂ ಅಪ್ಪ ಒಬ್ಬನ ಬಂದಿದ್ದ." ಹಗ್ಗ ತಿರುಚಿ ಗಿರ್ರನೆ ತಿರುಗಿದಳು. "ಹುಬ್ಬಳ್ಳಿ ಅಂದ್ರ ಅಳತಾಳ. ಅಷ್ಟ ದೊಡ್ಡಾಕ್ಯಾಗಿ ಅಳತಾಳ!"

ನಕ್ಕಳು. ಮುಂದಿನ ಒಂದು ಹಲ್ಲು ಇಲ್ಲ.

ಗಿರಣಿ ಶುರುವಾಯಿತು. ಖಾರದ ಘಾಟು. ನನ್ನ ಕೈ ತಾನಾಗಿ ದುಪಟ್ಟಾ ಎತ್ತಿ ಮೂಗಿಗೆ ಸುತ್ತಿತು. ಎರಡು ಸುತ್ತು, ಜಡೆ ಎತ್ತಿ, ಗಂಟು ಎಡಗಿವಿಯ ಹಿಂದೆ. ತಲೆಯೆತ್ತಿದರೆ ಸುಮಂಗಲಾ ಬಾಗಿಲಲ್ಲಿ. ಕೈಯಲ್ಲಿ ಮಲ್ಲಮ್ಮನಿಗೆ ಕಟ್ಟಲು ತಂದ ಒದ್ದೆ ಕರ್ಚೀಫು. ನೀರು ತೊಟ್ಟಿಕ್ಕುತ್ತಿತ್ತು.

"ಎಲ್ಲಿಂದ ಬಂದೀಯವಾ?"

"ಕುಂದಗೋಳದಿಂದ್ರಿ."

"ಅಲ್ಲೆ ಗಿರಣಿ ಇಲ್ಲೇನು?"

"ಅದಾವ್ರಿ."

ಅಷ್ಟೇ ಮಾತು. ಮಲ್ಲಮ್ಮನನ್ನು ಜೋಕಾಲಿಯಿಂದ ಕಿತ್ತುಕೊಂಡಂತೆ ಎತ್ತಿಕೊಂಡಳು. ಎಂಟು ವರ್ಷದವಳನ್ನು ಸೊಂಟದ ಮೇಲೆ. ಒಳಗೆ ಹೋಗಿ ಅಗಳಿ ಹಾಕಿದಳು. ಹೆದರಿದ್ದಳು. ನನ್ನಂಥವಳಿಗೆ ಒಬ್ಬರು ಹೆದರಿದ್ದು ಇದೇ ಮೊದಲು.

ಗಿರಣಿಯ ಬೋರ್ಡಿನ ಮೇಲಿದ್ದ ಫೋನ್ ನಂಬರ್ ಬರೆದುಕೊಂಡು ಬಂದೆ.

ಜುಲೈ ೧೪

ಬೆಳಗ್ಗೆ ಎದ್ದ ರುಬಿಯಾ ಸೀನಿ ಸೀನಿ ಮಂಚದ ಕೆಳಗೆ ಬಗ್ಗಿ ನೋಡಿದಳು.

"ಏನಬೇ ಇದು, ಇಷ್ಟ ಖಾರ! ಯಾರ ಕಣ್ಣಿಗೆ ಹಾಕಾಕಿ?"

"ಅದಾಳ ಒಬ್ಬಾಕಿ."

"ಹೇಳು, ಕೈ ಹಿಡಕೊಳ್ಳಾಕ ನಾ ಬರತೇನಿ."

ಎಲ್ಲ ಹೇಳಿದೆ. ಮೊದಲ ಸಲ, ಪೂರ್ತಿ, ಕನ್ನಡದಲ್ಲಿ. ಅವಳು ಸುಮಂಗಲಾಳಿಗೆ ತನ್ನೂರು ಅಣ್ಣಿಗೇರಿಯ ಬೈಗುಳವನ್ನೆಲ್ಲ ಬೈದಳು. ಹಿತವಾಗಿತ್ತು. ಆಮೇಲೆ ಕೂದಲು ಬಾಚುತ್ತ, ಕನ್ನಡಿ ನೋಡುತ್ತಲೇ ಕೇಳಿದಳು.

"ನೀ ಬ್ಯಾಡ ಅಂದಿ ಅಂತ ತಿಳಕೋ. ಆ ಹುಡಿಗಿಗೆ ಏನ ಹೇಳಿ ಬಸ್ಸ ಹತ್ತಸ್ತಾರ?"

ಬಾಯಿ ಮುಚ್ಚು ಎಂದೆ. ಮುಚ್ಚಿದಳು. ಆದರೂ ಕೇಳಿಸುತ್ತಲೇ ಇದೆ.

ಜುಲೈ ೧೮

ಶಗುಫ್ತಾ ಮೇಡಂ ಮತ್ತೆ ಫೋನ್. "ಗುಡಗೇರಿಗೆ ಹೋಗಿದ್ದಿ ಏನು? ಸುಮಂಗಲಾ ಫೋನ್ ಹಚ್ಚಿದ್ರು."

"ಏನಂದ್ರು? ನಾ ಏನ ಹೇಳಾಕಿ ಅಂತ ಕೇಳಿದ್ರೇನ್ರಿ?"

"ಅದನ್ನ ಕೇಳಲಿಲ್ಲ. ಭಾಳ ಸೊರಗ್ಯಾಳ್ರಿ ಹುಡಿಗಿ, ಹಾಸ್ಟೆಲ್ನ್ಯಾಗ ಹೊಟ್ಟಿ ತುಂಬ ಹಾಕತಾರೋ ಇಲ್ಲೋ ಅಂದ್ರು."

ಊಟ! ಇಷ್ಟು ವರ್ಷ ಇದ್ದೇನೋ ಸತ್ತೆನೋ ಕೇಳದವಳು ಈಗ ಊಟ ಕೇಳುತ್ತಾಳೆ. ಅದೂ ನನ್ನನ್ನಲ್ಲ, ಮೇಡಂರನ್ನು ಕೇಳುತ್ತಾಳೆ. ಅಳುತ್ತಾಳಂತೆ. ಅಲ್ಲೇ ಮನೆಯಲ್ಲಿ ಕೂತು, ಯಾರಿಗೂ ಕಾಣದಂತೆ ಅಳುವುದು ಸುಲಭ. ನಾನು ಅತ್ತದ್ದು ನಲವತ್ತು ಹುಡುಗಿಯರ ಎದುರು. ಬಂದು ಅಳು. ಹುಬ್ಬಳ್ಳಿಯವರೆಗೆ ಬರಬೇಕಿಲ್ಲ, ಕುಂದಗೋಳಕ್ಕೆ ಬಂದರೆ ಸಾಕು. ಬಸ್ಸೂ ಬೇಡ, ರೈಲಿದೆ.

ಜುಲೈ ೨೨

ಕಾಲೇಜಿನ ಕ್ಯಾಂಟೀನಿನಲ್ಲಿ ಕೂತೆವು. ಶಗುಫ್ತಾ ಮೇಡಂ ಮಿರ್ಚಿ ಭಜಿ ತರಿಸಿದರು. ಮುಟ್ಟಲಿಲ್ಲ. ಬಾಯಲ್ಲಿ "ನಾಟ್ ಫಿಟ್" ಸಿದ್ಧವಾಗಿತ್ತು. ತೆರೆದರೆ ಕನ್ನಡ ಬಂತು.

"ಸುಳ್ಳ ಹೇಳಿ ಬಿಟ್ಟ ಹ್ವಾದ್ಲು ಅಂತ ಬರೀರಿ. ಲಂಗಾ ತರೂಣು ಅಂದಿದ್ಲು, ಅದನ್ನೂ ಬರೀರಿ. ನಾ ಹೊಂದಿಕೊಂಡಿದ್ದೆ. ಹೊಂದಿಕೊಂಡಿದ್ದೆ ಅಂತ ಬರೀರಿ."

ಬರೆದರು. "ಮುಂದ?"

ಜೋಕಾಲಿ ಕಣ್ಣ ಮುಂದೆ ಬಂತು. ಆ ಹಲ್ಲಿಲ್ಲದ ಬಾಯಿ. ಯಾವ ಬಣ್ಣದ ಲಂಗಾ ಎಂದು ಬಸ್ಸಿನುದ್ದಕ್ಕೂ ಹೇಳುತ್ತ ಹೋಗುವುದು.

"ಮಲ್ಲಮ್ಮನ್ನ ಅಲ್ಲಿಂದ ಎಬ್ಬಸಬ್ಯಾಡ್ರಿ. ಅಲ್ಲೇ ಇರಲಿ. ಕಾಯಂ."

ಪೆನ್ನು ನಿಂತಿತು. "ಎರಡೂ ಬರೀಲೇನವಾ?"

"ಎರಡೂ. ಒಂದ ಬಿಟ್ಟ ಒಂದ ಬ್ಯಾಡ."

"ಆಕಿನ್ನ ಮಾಫ್ ಮಾಡಿದೇನು?"

"ಇಲ್ರಿ."

"ಛಲೋ" ಎಂದು ನನ್ನ ಮಿರ್ಚಿಯನ್ನೂ ಅವರೇ ತಿಂದರು.

ನಾನು ಏನು ಹೇಳಿದೆನೆಂದು ಗುಡಗೇರಿಯವರಿಗೆ ತಿಳಿಸಬೇಡಿ ಎಂದೆ. ಆದೇಶ ಆಗುವವರೆಗೆ ಹೇಗೂ ಹೇಳುವ ಹಾಗಿಲ್ಲವಂತೆ. ಆದೇಶ ಬರುವುದು ಹಬ್ಬದ ನಂತರ. ಅಲ್ಲಿಯ ತನಕ ಅವಳಿಗೆ ಗೊತ್ತಾಗುವುದಿಲ್ಲ. ಗಾಡಿಯ ಸದ್ದಾದಾಗೆಲ್ಲ ಬಾಗಿಲಿಗೆ ಬಂದು ನೋಡಲಿ. ಕಾಯುವುದು ಹೇಗಿರುತ್ತದೆಂದು ಗೊತ್ತಾಗಲಿ. ಇದಕ್ಕೆ ನನಗೆ ಪಶ್ಚಾತ್ತಾಪವಿಲ್ಲ.

ಜುಲೈ ೨೫

ಹಾಸ್ಟೆಲ್ ಖಾಲಿಯಾಗುತ್ತಿದೆ. ಪಂಚಮಿಗೆ ತವರಿನವರು ಬಂದು ಹೆಣ್ಣುಮಕ್ಕಳನ್ನು ಕರೆದೊಯ್ಯುವುದು ರೂಢಿ; ಎಲ್ಲರನ್ನೂ ಕರೆಯಲು ಬರುತ್ತಿದ್ದಾರೆ. ಬೆಳಗಿನಿಂದ ಗುಡದಪ್ಪ ಕಾಕಾನದೇ ದನಿ. "ನೀವ ಆಕಿಗೆ ಏನಾಗಬೇಕ್ರಿ?" ಅಣ್ಣ ಆಗಬೇಕ್ರಿ. ಅಪ್ಪ ಆಗಬೇಕ್ರಿ. ಸ್ವಾದರಮಾವ ಆಗಬೇಕ್ರಿ.

ರುಬಿಯಾಳೂ ರಜೆಗೆ ಹೊರಟಳು. "ನಮ್ಮ ಮನೀಗರೆ ಬಾರಬೇ." ಒಲ್ಲೆ ಎಂದೆ. ಅರ್ಧ ಖಾರದಪುಡಿ ಅವಳಮ್ಮನಿಗೆ ಕಟ್ಟಿಕೊಟ್ಟೆ.

ಜುಲೈ ೨೬, ಬೆಳಗ್ಗೆ

ಇಂಗ್ಲಿಷ್‌ನಲ್ಲಿ ಬರೆದೆ, ಡಿಲೀಟ್ ಮಾಡಿದೆ. ಪುಸ್ತಕದ ಕನ್ನಡದಲ್ಲಿ ಬರೆದೆ, ಡಿಲೀಟ್. ಕೊನೆಗೆ ಆ ಮನೆಯಲ್ಲಿ ಕಲಿತ ಮಾತಿನಲ್ಲೇ ಬರೆದು ಬೋರ್ಡಿನ ನಂಬರಿಗೆ ಕಳಿಸಿದೆ. ಕಳಿಸಿದ್ದನ್ನು ಇಲ್ಲಿ ಇಳಿಸುತ್ತಿದ್ದೇನೆ —

"ಸುಮಂಗಲಾ ಅವರಿಗೆ. ನಾ ಸುಧಾರಾಣಿ. ಗಿರಣಿಗೆ ಬಂದಾಕಿ ನಾನ, ನಿಮಗ ಗೊತ್ತೈತಿ. ಸಮಿತಿಗೆ ಹೇಳೂದು ಹೇಳೇನಿ. ಅದು ಇನ್ನ ಬದಲಾಗೂದಿಲ್ಲ, ನೀವು ಬಂದ್ರೂ ಅಷ್ಟ, ಬರದಿದ್ರೂ ಅಷ್ಟ. ಏನ ಹೇಳೇನಿ ಅಂತ ಫೋನಿನ್ಯಾಗ ಹೇಳೂದಿಲ್ಲ. ಪಂಚಮಿಗೆ ನನ್ನ ಕರಿಯಾಕ ಬರ್ರಿ. ನೀವ ಬರಬೇಕು, ಯಲ್ಲೇಶಪ್ಪನ್ನ ಕಳಸಬ್ಯಾಡ್ರಿ. ಹಾಸ್ಟೆಲ್ ಗೇಟಿನ್ಯಾಗ ಗುಡದಪ್ಪ ಅಂತ ವಾಚ್‌ಮನ್ ಅದಾನ. ನೀವ ಆಕಿಗೆ ಏನಾಗಬೇಕ್ರಿ ಅಂತ ಕೇಳತಾನ. ಕಿವಿ ಕೇಳೂದಿಲ್ಲ ಅವಗ, ಒದರಿ ಹೇಳಬೇಕು. ಏನ ಹೇಳತೀರಿ ನೀವ ವಿಚಾರ ಮಾಡ್ರಿ. ನಾ ಮ್ಯಾಲೆ ಕಿಟಕ್ಯಾಗ ನಿಂತಿರತೇನಿ. ಇಳದ ಬರತೇನೋ ಇಲ್ಲೋ ಈಗ ಹೇಳೂದಿಲ್ಲ. ಉಂಡಿ ತರಬ್ಯಾಡ್ರಿ. ಬರತೀರೋ ಇಲ್ಲೋ, ಲಗೂನ ತಿಳಸ್ರಿ."