ಜಾಮೀನಿನ ವಿರುದ್ಧ ನನ್ನ ಮತ

ಮಾರ್ಲೀನ್ ಅಕ್ಕಾ,

ಟೆಕ್ಸಸ್ಸಿನ ಸಂವಿಧಾನ ತಿದ್ದುವುದಕ್ಕೆ ಇವತ್ತು ‘ಹೌದು’ ಎಂದು ಮತ ಹಾಕಿ ಬಂದೆ. ತಿದ್ದುಪಡಿ ಗೆದ್ದರೆ, ಕೊಲೆ, ಚೂರಿ ಇರಿತದಂಥ ಪ್ರಕರಣಗಳಲ್ಲಿ ಅಪಾಯಕಾರಿ ಎನಿಸಿದವನಿಗೆ ಜಾಮೀನು ಸಿಗುವುದಿಲ್ಲ. ನಿನ್ನ ಪಾಲಿಗೆ ಮೂರು ವರ್ಷ ತಡವಾಯಿತು.

ಮತಗಟ್ಟೆಯ ಬಾಗಿಲಲ್ಲಿ ನಿನ್ನ ಪಕ್ಕದ ಮನೆಯ ಓಪಲ್ ಅಜ್ಜಿ ನನ್ನ ಅಂಗಿಗೆ ಮತದಾರರ ಸ್ಟಿಕ್ಕರ್ ಅಂಟಿಸಿದಳು.

“ಹೆಂಡ್ತಿಗೆ ಚಾಕು ಹಾಕಿದೋನನ್ನ ಹೊರಗೆ ಬಿಟ್ರು. ಮನೆಗೆ ಬಂದು ಅವಳನ್ನ ಮುಗಿಸೇಬಿಟ್ಟ. ಆ ಜಡ್ಜಿಗೆ ನಾಚಿಕೆ ಆಗ್ಬೇಕು ಕಣಪ್ಪಾ!”

“ಆಗ್ಬೇಕಜ್ಜಿ,” ಅಂದೆ.

ನಿನಗೆ ಚಾಕು ಹಾಕಿ ಒಳಗೆ ಹೋದ ಬಾವ ಜೈಲಿನಿಂದ ನನಗೆ ಫೋನ್ ಮಾಡಿ ಮಗುವಿನ ಹಾಗೆ ಅತ್ತಿದ್ದ. ಮರುದಿನ ನೀನು, “ಅವನಿಗೆ ಜಾಮೀನು ನಿಂತ ಪುಣ್ಯಾತ್ಮ ಯಾರೋ?” ಎಂದು ಕೇಳಿದಾಗ ಗೊತ್ತಿಲ್ಲ ಅಂದಿದ್ದೆ.

ಆ ಜಾಮೀನು ಕಾಗದದಲ್ಲಿರುವುದು, ಚಿಕ್ಕಂದಿನಲ್ಲಿ ನೀನು ನನ್ನ ಕೈಹಿಡಿದು ಬರೆಯಲು ಕಲಿಸಿದ ಹೆಸರು.